ಎದೆಯ ಸಿ.ಟಿ.: ಚಿತ್ರ ಚೆಂದವಿರಬೇಕೋ, ಸಾಕಾಗುವಂತಿರಬೇಕೋ?

ಮಾನ್ಯ ಸಂಪಾದಕರೇ,

ಸಿ.ಟಿ. ಟೇಬಲ್ಲಿನ ಮೇಲೆ ಮಲಗುವ ಮುನ್ನ ಬಹಳಷ್ಟು ರೋಗಿಗಳು ಕೇಳುವುದು ಒಂದೇ ಮಾತು: ‘ವಿಕಿರಣದಿಂದ ತೊಂದರೆ ಏನೂ ಇಲ್ಲವಲ್ಲ?’ ಈ ಯಂತ್ರದ ಮುಂದೆ ಹಲವು ವರ್ಷ ಕೆಲಸ ಮಾಡಿರುವ ನನಗೆ ‘ಏನೂ ಇಲ್ಲ’ ಎಂದು ಸಾಗಹಾಕುವುದು ಸರಿ ಕಾಣುವುದಿಲ್ಲ. ಎದೆಯ ಒಂದು ಎಕ್ಸ್-ರೇಗೆ 0.1 ಮಿಲಿಸೀವರ್ಟ್‌ಗಿಂತಲೂ (ಮೈಗೆ ತಗಲುವ ವಿಕಿರಣವನ್ನು ಅಳೆಯುವ ಮಾನ) ಕಡಿಮೆ ವಿಕಿರಣ ಸಾಕು. ವಾಡಿಕೆಯ ಎದೆಯ ಸಿ.ಟಿ.ಗೆ ಸುಮಾರು 5ರಿಂದ 7 ಮಿಲಿಸೀವರ್ಟ್ ತಗಲುತ್ತದೆ. ನಿಜವಾಗಿ ಬೇಕಾದ ಸ್ಕ್ಯಾನನ್ನು ಹೆದರಿ ಬಿಡುವುದು ಖಂಡಿತ ತಪ್ಪು. ಆದರೆ ಅದೇ ಉತ್ತರ ಒಂದು ಒಂದೂವರೆ ಮಿಲಿಸೀವರ್ಟ್‌ನಲ್ಲಿ ದೊರಕುವಂತಿದ್ದರೆ ಮಿಕ್ಕದ್ದನ್ನು ರೋಗಿಯ ಮೈಮೇಲೆ ಹಾಕುವುದೇಕೆ?

ಡೋಸ್, ಅಂದರೆ ವಿಕಿರಣದ ಪ್ರಮಾಣ, ಇಳಿಸಿದರೆ ಚಿತ್ರ ಕೆಡುತ್ತದೆ ಎಂಬ ಆಕ್ಷೇಪ ಅರ್ಧ ಮಾತ್ರ ನಿಜ. ಡೋಸ್ ಅರ್ಧವಾದರೆ ಚಿತ್ರದ ಮರಳುಮರಳಾದ ನಾಯ್ಸ್ ಇಮ್ಮಡಿಯಾಗದೆ ಸುಮಾರು 1.4 ಪಟ್ಟಾಗುತ್ತದೆ. ಶ್ವಾಸಕೋಶದಲ್ಲಿ ತುಂಬಿರುವುದು ಗಾಳಿಯಾದ್ದರಿಂದ ಆ ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಗಂಟು ಕೂಡ ಈ ನಾಯ್ಸ್ ನಡುವೆಯೇ ಎದ್ದು ಕಾಣುತ್ತದೆ. 2011ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಧೂಮಪಾನದ ದೀರ್ಘ ಹಿನ್ನೆಲೆಯ 53,000ಕ್ಕೂ ಹೆಚ್ಚು ಜನರ ಪೈಕಿ ಕಡಿಮೆ ಡೋಸ್‌ನ ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವುಗಳು ಎಕ್ಸ್-ರೇ ಗುಂಪಿಗಿಂತ ಶೇ 20ರಷ್ಟು ಕಡಿಮೆಯಾದವು. ಹೃದಯದ ಆಸುಪಾಸಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ನೋಡಬೇಕಾದಾಗ ಇಷ್ಟು ಇಳಿಸಲಾಗದು. ಆದ್ದರಿಂದಲೇ ವೈದ್ಯರು ಚೀಟಿಯಲ್ಲಿ ‘ಎದೆಯ ಸಿ.ಟಿ.’ ಎಂದಷ್ಟೇ ಬರೆಯದೆ ಏನನ್ನು ಹುಡುಕಬೇಕೆಂದೂ ಬರೆಯಬೇಕು.

ಹೊಸ ಸಾಫ್ಟ್‌ವೇರ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನಾಯ್ಸ್ ತಗ್ಗಿಸುವ ತಂತ್ರಾಂಶಗಳು ನಿಜಕ್ಕೂ ಉಪಯುಕ್ತ, ಅತಿಯಾದರೆ ಮಾತ್ರ ಚಿತ್ರ ಮೇಣ ಬಳಿದಂತೆ ನುಣ್ಣಗಾಗಿ ಸೂಕ್ಷ್ಮ ಗೆರೆಗಳು ಅಳಿಸಿಹೋಗುತ್ತವೆ. ನನ್ನ ಅನುಭವದಲ್ಲಿ ಹೆಚ್ಚಿನ ಉಳಿತಾಯ ಆಗುವುದು ಟೇಬಲ್ಲಿನ ಬಳಿಯೇ. ಭುಜನೋವಿನ ಹಿರಿಯರೊಬ್ಬರು ಕೈ ಎತ್ತಲಾಗದೆಂದಾಗ ತಲೆಯ ಹಿಂದೆ ದಿಂಬಿಟ್ಟು ಮೊಣಕೈಗಳಿಗೆ ಆಸರೆ ಕೊಟ್ಟೆವು. ಹಿಡಿದದ್ದು ಎರಡು ನಿಮಿಷ. ಕೈಗಳು ಪಕ್ಕದಲ್ಲೇ ಇದ್ದಿದ್ದರೆ ಕಿರಣಗಳು ಎರಡು ತೋಳುಗಳನ್ನೂ ದಾಟಬೇಕಾಗಿ, ಯಂತ್ರ ತಾನಾಗಿಯೇ ಎಕ್ಸ್-ರೇ ಕೊಳವೆಯ ಕರೆಂಟ್ ಏರಿಸಿ ಡೋಸ್ ಹೆಚ್ಚಿಸುತ್ತಿತ್ತು, ಚಿತ್ರದಲ್ಲಿ ಅಡ್ಡಗೆರೆಗಳೂ ಮೂಡುತ್ತಿದ್ದವು. ರೋಗಿ ಗ್ಯಾಂಟ್ರಿಯ, ಅಂದರೆ ಯಂತ್ರದ ದೊಡ್ಡ ಬಳೆಯ, ನಟ್ಟನಡುವೆ ಇಲ್ಲದಿದ್ದರೂ ಹೀಗೆಯೇ: ಮೊದಲ ಅಂದಾಜು ಚಿತ್ರದಲ್ಲಿ ದೇಹ ಇದ್ದುದಕ್ಕಿಂತ ದಪ್ಪವಾಗಿಯೋ ತೆಳ್ಳಗಾಗಿಯೋ ಕಂಡು ಯಂತ್ರದ ಲೆಕ್ಕ ತಪ್ಪುತ್ತದೆ. ಶ್ವಾಸಕೋಶ ಮುಗಿದ ಮೇಲೂ ‘ಇರಲಿ’ ಎಂದು ಮೂತ್ರಪಿಂಡದವರೆಗೆ ಸ್ಕ್ಯಾನ್ ಎಳೆಯುವುದು, ಕಾರಣವಿಲ್ಲದೆ ಕಾಂಟ್ರಾಸ್ಟ್ (ರಕ್ತನಾಳಗಳು ಎದ್ದು ಕಾಣಲು ಚುಚ್ಚುವ ದ್ರವ) ಕೊಡುವ ಮುಂಚೆ ಒಮ್ಮೆ, ಕೊಟ್ಟ ಮೇಲೆ ಇನ್ನೊಮ್ಮೆ ತೆಗೆದು ಡೋಸನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡುವುದು ನಾನು ಕಂಡ ಅಭ್ಯಾಸಗಳೇ, ಕೆಲವನ್ನು ನಾನೇ ಮಾಡಿದ್ದೇನೆ.

ಪ್ರತಿ ಸ್ಕ್ಯಾನಿನ ಕೊನೆಗೆ ಯಂತ್ರ ಡೋಸ್‌ನ ಒಂದು ಪುಟವನ್ನು ತಾನೇ ಬರೆದಿಡುತ್ತದೆ. ಅದರಲ್ಲಿರುವ, ಇಡೀ ಸ್ಕ್ಯಾನಿನ ಒಟ್ಟು ವಿಕಿರಣದ ಅಳತೆಯಾದ ಡಿ.ಎಲ್.ಪಿ. ಎಂಬ ಅಂಕಿಯನ್ನು 0.014ರಿಂದ ಗುಣಿಸಿದರೆ, ವಯಸ್ಕರ ಎದೆಯ ಸಿ.ಟಿ.ಗೆ ಅಂದಾಜು ಮಿಲಿಸೀವರ್ಟ್ ಸಿಗುತ್ತದೆ: 400 ಇದ್ದರೆ 5.6. ಆ ಪುಟವನ್ನು ತೆರೆದು ನೋಡುವವರು ಅಪರೂಪ. ಆ ಅಂಕಿಯನ್ನು ವರದಿಯ ಮೊದಲ ಪುಟದಲ್ಲೇ ಮುದ್ರಿಸಬೇಕೆಂಬುದು ನನ್ನ ಕೋರಿಕೆ.

ಇತಿ,
ಒಬ್ಬ ಸಿ.ಟಿ. ಟೆಕ್ನಿಷಿಯನ್