ಲಕೋಟೆಯ ಚುನಾವಣೆ

ಮಾನ್ಯ ಸಂಪಾದಕರೇ,

ಅಮೆರಿಕದ 2020ರ ಅಧ್ಯಕ್ಷ ಚುನಾವಣೆ ಬಗ್ಗೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಬಂದದ್ದನ್ನು ದಿನಾ ಮೊಬೈಲ್‌ನಲ್ಲಿ ಓದುತ್ತಿದ್ದೆ. ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಕೊರೊನಾ ಕಾಟದಲ್ಲಿ ಪ್ರಚಾರ ಸಪ್ಪೆಯಾಯಿತು, ಜನರ ಗಮನ ಚುನಾವಣೆ ಕಡೆ ಇರಲೇ ಇಲ್ಲ ಅಂತ. ಪ್ರಚಾರದ ಮಾತು ಅರ್ಧ ನಿಜ. ಜನರ ಗಮನದ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಾನು ಶಿರಾದವನು. ಅಂಚೆ ಇಲಾಖೆಯಲ್ಲಿ 36 ವರ್ಷ ದುಡಿದು ಸಬ್ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತನಾದೆ. ಈ ಫೆಬ್ರವರಿಯಲ್ಲಿ ಮಗಳ ಮನೆಗೆ ಬಂದೆ. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಪಕ್ಕದ ಊರು. ಏಪ್ರಿಲ್‌ಗೆ ವಾಪಸ್ ಟಿಕೆಟ್ ಇತ್ತು. ಮಾರ್ಚ್‌ನಲ್ಲೇ ವಿಮಾನ ನಿಂತವು. ಆಮೇಲೆ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನ ಶುರುವಾದರೂ ಮಗಳು ಬಿಡಲಿಲ್ಲ. "ಅಪ್ಪಾ, ಇಪ್ಪತ್ತು ಗಂಟೆ ಮಾಸ್ಕ್ ಹಾಕ್ಕೊಂಡು ಕೂತ್ಕೊಳ್ಳೋಕಾಗುತ್ತಾ ನಿನಗೆ? ಸುಮ್ನೆ ಇರು" ಅಂದಳು. ವೀಸಾ ವಿಸ್ತರಣೆಗೆ ಅರ್ಜಿ ಹಾಕಿದೆವು. ಹಾಗಾಗಿ ಇಡೀ ಚುನಾವಣೆಯನ್ನು ಸೋಫಾ ಮೇಲೆ ಕೂತು ನೋಡುವ ಯೋಗ ನನ್ನದಾಯಿತು.

ಪ್ರಚಾರ ಮಂಕಾದದ್ದು ಹೌದು. ಮಾರ್ಚ್ 10ರಂದು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಪೈಪೋಟಿಯಲ್ಲಿದ್ದ ಬೈಡನ್ ಮತ್ತು ಸ್ಯಾಂಡರ್ಸ್ ಇಬ್ಬರೂ ಕ್ಲೀವ್‌ಲ್ಯಾಂಡ್‌ನ ಸಭೆ ರದ್ದು ಮಾಡಿದರು. ಐದು ದಿನ ಬಿಟ್ಟು ಖಾಲಿ ಸ್ಟುಡಿಯೋದಲ್ಲಿ ಎದುರುಬದುರಾದಾಗ ಕೈ ಕುಲುಕದೆ ಮೊಣಕೈ ತಾಗಿಸಿಕೊಂಡರು. ಆಮೇಲೆ ಬೈಡನ್ ತಮ್ಮ ಮನೆಯ ನೆಲಮಾಳಿಗೆಯಿಂದ ಮಾತಾಡುತ್ತಿದ್ದರು, ಟ್ರಂಪ್ ಸಂಜೆ ಸಂಜೆ ಶ್ವೇತಭವನದಲ್ಲಿ ಕೊರೊನಾ ಪತ್ರಿಕಾಗೋಷ್ಠಿ ಮಾಡುತ್ತಿದ್ದರು. ಡೆಮಾಕ್ರಟಿಕ್ ಪಕ್ಷದ ಸಮಾವೇಶ ಆಗಸ್ಟ್‌ನಲ್ಲಿ ಇದೇ ಮಿಲ್ವಾಕಿಯಲ್ಲಿ ಆಗಬೇಕಿತ್ತು. ಐವತ್ತು ಸಾವಿರ ಜನ ಬರುತ್ತಾರೆ ಅಂತ ಊರು ಕಾದಿತ್ತು. ಕೊನೆಗೆ ಅಭ್ಯರ್ಥಿಯೇ ಬರಲಿಲ್ಲ. ಒಪ್ಪಿಗೆ ಭಾಷಣವನ್ನು ಡೆಲವೇರ್‌ನಲ್ಲೇ ನಿಂತು ಮಾಡಿದರು. ಆ ವಾರ ಅಳಿಯ ನನ್ನನ್ನು ಕಾರಲ್ಲಿ ಆ ಕಡೆ ಸುತ್ತಾಡಿಸಿಕೊಂಡು ಬಂದ. ಪೊಲೀಸರ ತಂತಿ ಬೇಲಿ ಇತ್ತು, ಜನ ಇರಲಿಲ್ಲ. ಮದುವೆ ಮುರಿದುಬಿದ್ದ ಛತ್ರದ ಹಾಗಿತ್ತು.

ಆದರೆ ಜನ ಎಲ್ಲಿ ನೋಡುತ್ತಿದ್ದರು ಅನ್ನುವುದು ನನಗೆ ಏಪ್ರಿಲ್ 7ರಂದೇ ಗೊತ್ತಾಯಿತು. ಅವತ್ತು ವಿಸ್ಕಾನ್ಸಿನ್‌ನ ಪ್ರಾಥಮಿಕ ಚುನಾವಣೆ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಜನ ಮತ ಹಾಕುವ ದಿನ. ಮುಂದೂಡೋಣ ಅಂತ ಗವರ್ನರ್ ಟೋನಿ ಎವರ್ಸ್ ಹಿಂದಿನ ದಿನ ಆದೇಶ ಹೊರಡಿಸಿದರು. ರಾಜ್ಯದ ಸುಪ್ರೀಂ ಕೋರ್ಟ್ ಅದೇ ಸಂಜೆ ಅದನ್ನು ತಳ್ಳಿಹಾಕಿತು. ಮಿಲ್ವಾಕಿಯಲ್ಲಿ ಸಾಮಾನ್ಯವಾಗಿ 180 ಮತಗಟ್ಟೆ ಇರುತ್ತವಂತೆ. ಕೆಲಸಕ್ಕೆ ಜನ ಸಿಗದೆ ಅವತ್ತು ತೆರೆದದ್ದು ಐದೇ ಐದು. ಆರು ಲಕ್ಷ ಜನರ ಊರಿಗೆ ಐದು! ರಿವರ್‌ಸೈಡ್ ಹೈಸ್ಕೂಲ್ ಮುಂದಿನ ಸಾಲನ್ನು ಟೀವಿಯಲ್ಲಿ ನೋಡಿದೆ. ಒಬ್ಬರಿಗೊಬ್ಬರು ಆರಡಿ ದೂರ ನಿಂತು, ಎಷ್ಟೋ ಬೀದಿ ದಾಟಿ ಹೋಗಿತ್ತು. ಮಡಚುವ ಕುರ್ಚಿ ತಂದುಕೊಂಡು ಕೂತವರಿದ್ದರು. ಯಾರ ಭಾಷಣ ಕೇಳಿ ಬಂದವರು ಇವರು? ಭಾಷಣ ನಿಂತೇ ತಿಂಗಳಾಗುತ್ತಾ ಬಂದಿತ್ತು.

ಅವತ್ತಿನ ಇನ್ನೊಂದು ಗಲಾಟೆ ನನ್ನ ಹಳೇ ಕಸುಬಿನದು. ಅಂಚೆ ಮತದ ಮೇಲೆ ಏಪ್ರಿಲ್ 7ರೊಳಗಿನ ಠಸ್ಸೆ ಬಿದ್ದಿರಬೇಕು, ಏಪ್ರಿಲ್ 13ರೊಳಗೆ ಬಂದರೆ ಎಣಿಸಬಹುದು ಅಂತಾಯಿತು. ಬಂದ ಎಷ್ಟೋ ಲಕೋಟೆಗಳ ಮೇಲೆ ಠಸ್ಸೆಯೇ ಇರಲಿಲ್ಲ. ಕೆಲವಕ್ಕೆ ಬಿದ್ದಿದ್ದರೂ ಓದಲು ಬರುವಂತಿರಲಿಲ್ಲ. ಚುನಾವಣಾ ಅಧಿಕಾರಿಗಳು ಲಕೋಟೆ ಹಿಡಿದು ತಲೆ ಕೆರೆದುಕೊಂಡರು. ಓದಿ ನನಗೆ ನಗುವೂ ಬಂತು, ಸಂಕಟವೂ ಆಯಿತು. ಇಲಾಖೆಗೆ ಸೇರಿದ ಹೊಸದರಲ್ಲಿ ನಮ್ಮ ಪೋಸ್ಟ್ ಮಾಸ್ಟರ್ ಹೇಳಿಕೊಟ್ಟ ಮೊದಲ ಪಾಠವೇ ಠಸ್ಸೆ ಹೊಡೆಯುವುದು. ಮೆತ್ತೆಯಲ್ಲಿ ಶಾಯಿ ಎಷ್ಟಿರಬೇಕು, ಮಣಿಕಟ್ಟು ಹೇಗೆ ತಿರುಗಬೇಕು, ಬೆಳಿಗ್ಗೆ ಬಂದ ಕೂಡಲೇ ತಾರೀಕಿನ ಅಚ್ಚು ಬದಲಿಸಿದೆಯಾ. ಇಲ್ಲಿ ಅಮೆರಿಕದಲ್ಲಿ ಅದನ್ನು ಮಿಷನ್ ಮಾಡುತ್ತದೆ. ಮೊದಲೇ ಹಣ ಕಟ್ಟಿದ ಲಕೋಟೆಗೆ ಠಸ್ಸೆ ಬೀಳಲೇಬೇಕೆಂದಿಲ್ಲ. ಠಸ್ಸೆ ಹೊಡೆಯುವುದೇ ಅಂಚೆ ಟಿಕೆಟ್ ರದ್ದು ಮಾಡಲು; ಟಿಕೆಟ್ಟೇ ಇಲ್ಲದ ಮೇಲೆ ಯಾವುದನ್ನು ರದ್ದು ಮಾಡುವುದು, ಅಲ್ವಾ? ಆದರೆ ಅದೇ ಠಸ್ಸೆ ಮೇಲೆ ಒಬ್ಬನ ವೋಟು ನಿಂತಿದೆ ಅಂದರೆ ಮಾತೇ ಬೇರೆ.

ಜೂನ್‌ನಲ್ಲಿ ಲೂಯಿ ಡಿಜಾಯ್ ಅನ್ನುವವರು ಇಲ್ಲಿನ ಪೋಸ್ಟ್ ಮಾಸ್ಟರ್ ಜನರಲ್, ಅಂದರೆ ಇಡೀ ದೇಶದ ಅಂಚೆಯ ಮುಖ್ಯಸ್ಥರು ಆದರು. ಓವರ್‌ಟೈಮ್ ಕಡಿತವಾಯಿತು. ಟಪಾಲು ವಿಂಗಡಿಸುವ ಸಾರ್ಟಿಂಗ್ ಮಿಷನ್‌ಗಳನ್ನು ಕಿತ್ತು ಹೊರಗಿಟ್ಟ ಸುದ್ದಿ ಬಂತು. ಅಂಚೆ ಮತಕ್ಕೆ ತೊಂದರೆಯಾಗುತ್ತದೆ ಅಂತ ಜನ ರೊಚ್ಚಿಗೆದ್ದರು. ಆಗಸ್ಟ್ 18ರಂದು ಅವರೇ ಬದಲಾವಣೆಗಳನ್ನು ಚುನಾವಣೆ ಮುಗಿಯುವವರೆಗೆ ತಡೆಹಿಡಿದರು. ನನ್ನ ಇಡೀ ಸರ್ವೀಸಿನಲ್ಲಿ ಒಬ್ಬ ಪೋಸ್ಟ್ ಮಾಸ್ಟರ್ ಜನರಲ್ ಹೆಸರನ್ನು ಬೀದಿಯ ಜನ ಆಡಿದ್ದು ಕೇಳಿಲ್ಲ. ಇಲ್ಲಿ ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜಿ ನಾನು ಅಂಚೆಯವನು ಅಂತ ಗೊತ್ತಾದ ಮೇಲೆ ಬೇಲಿಯಾಚೆಯಿಂದ ನನ್ನನ್ನೇ ಕೇಳಿದರು, ಮಿಷನ್ ತೆಗೆದರೆ ಎಷ್ಟು ದಿನ ತಡವಾಗಬಹುದು ಅಂತ. ಗಮನ ಇಲ್ಲದವರು ಕೇಳುವ ಪ್ರಶ್ನೆಯಾ ಇದು?

ಅದೇ ಅಜ್ಜಿ ಅಕ್ಟೋಬರ್‌ನಲ್ಲಿ ನಮ್ಮ ಮನೆಯ ಮರ್ಯಾದೆ ಉಳಿಸಿದರು. ಈ ರಾಜ್ಯದಲ್ಲಿ ಅಂಚೆ ಮತದ ಲಕೋಟೆ ಮೇಲೆ ಸಾಕ್ಷಿಯ ಸಹಿ ಬೇಕು. ಸಾಕ್ಷಿ ಅಮೆರಿಕದ ಪ್ರಜೆಯಾಗಿರಬೇಕು. ಮಗಳು ಪ್ರಜೆ, ಅವಳಿಗೆ ವೋಟಿದೆ. ಅಳಿಯನದು ಇನ್ನೂ ಗ್ರೀನ್ ಕಾರ್ಡ್. ನಾನು ಬಂದುಹೋಗುವ ವೀಸಾದವನು. ಮನೆಯಲ್ಲಿ ಮೂವರು ಇದ್ದೂ ಸಾಕ್ಷಿಗೆ ಗತಿ ಇಲ್ಲ. ಹೊರಗಿನವರನ್ನು ಒಳಗೆ ಕರೆಯುವ ಕಾಲವಲ್ಲ. ಅಜ್ಜಿ ಕೋಟು, ಮಾಸ್ಕ್ ಹಾಕಿಕೊಂಡು ಹಿತ್ತಲ ಜಗುಲಿಗೆ ಬಂದು ಗಾಜಿನ ಬಾಗಿಲ ಆಚೆ ನಿಂತರು. ಮಗಳು ಒಳಗಿನಿಂದ ಖಾಲಿ ಮತಪತ್ರ ಎತ್ತಿ ತೋರಿಸಿದಳು. ಬೆನ್ನು ತಿರುಗಿಸಿ ಗುರುತು ಹಾಕಿದಳು, ಮಡಚಿದಳು, ಲಕೋಟೆಗೆ ಹಾಕಿ ಅಂಟಿಸಿ ಸಹಿ ಮಾಡಿದಳು. ಆಮೇಲೆ ಅದನ್ನು ಹೊರಗೆ ಕುರ್ಚಿ ಮೇಲಿಟ್ಟು ಹಿಂದೆ ಸರಿದಳು. ಅಜ್ಜಿ ತಮ್ಮದೇ ಪೆನ್ನಿನಲ್ಲಿ ಸಹಿ ಹಾಕಿ ಹೊರಟರು. ನಾನು ಲಕೋಟೆ ನೋಡಿದೆ. ವಿಳಾಸದ ಜಾಗ ಖಾಲಿ! ವಿಳಾಸ ಇಲ್ಲದ ಲಕೋಟೆ ನನ್ನ ಕಣ್ಣು ತಪ್ಪಿಸುವುದುಂಟೇ? ಮಗಳು ಓಡಿಹೋಗಿ ಕರೆತಂದಳು. ಅವರು ನಗುತ್ತಾ ಬರೆದುಕೊಟ್ಟರು.

ಇಷ್ಟಾದ ಮೇಲೂ ಮಗಳು ಲಕೋಟೆಯನ್ನು ಟಪಾಲಿಗೆ ಹಾಕಲಿಲ್ಲ. ಅಕ್ಟೋಬರ್ 26ಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ ವಿಸ್ಕಾನ್ಸಿನ್‌ಗೆ ಹೆಚ್ಚಿನ ದಿನ ಕೊಡಲು ಒಪ್ಪಲಿಲ್ಲ. ನವೆಂಬರ್ 3ರ ರಾತ್ರಿ 8ರೊಳಗೆ ಕೈ ಸೇರಬೇಕು, ಠಸ್ಸೆ ಗಿಸ್ಸೆ ಲೆಕ್ಕಕ್ಕಿಲ್ಲ. ಮಾರನೇ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಊರಿನ ಕಚೇರಿ ಮುಂದೆ ಮತದ ಲಕೋಟೆಗೆಂದೇ ಇಟ್ಟ ಡ್ರಾಪ್ ಬಾಕ್ಸಿಗೆ ಹಾಕಿದಳು. ಅಂಚೆಯವನ ಮಗಳು ಅಂಚೆಯನ್ನು ನಂಬಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ ಅನ್ನಿ.

ಆ ದಿನಗಳಲ್ಲಿ ಇಲ್ಲಿ ಸೋಂಕು ವಿಪರೀತ. ರಾಜ್ಯದ ಜಾತ್ರೆ ನಡೆಯುವ ಸ್ಟೇಟ್ ಫೇರ್ ಮೈದಾನದಲ್ಲಿ ತಾತ್ಕಾಲಿಕ ಆಸ್ಪತ್ರೆ ತೆರೆದಿದ್ದರು. ಅಕ್ಟೋಬರ್ 24ರಂದು ಪಕ್ಕದ ವಾಕೆಶಾದಲ್ಲಿ ಟ್ರಂಪ್ ಸಾವಿರಾರು ಜನ ಸೇರಿಸಿ ಸಭೆ ಮಾಡಿದರು. ನಮ್ಮ ಪತ್ರಿಕೆಗಳಲ್ಲಿ ಬಂದದ್ದೆಲ್ಲ ಇಂಥ ಸಭೆಗಳೇ. ಚರ್ಚೆಯ ನಡುವೆ ಉಪಾಧ್ಯಕ್ಷ ಪೆನ್ಸ್ ತಲೆ ಮೇಲೆ ನೊಣ ಕೂತದ್ದೂ ಬಂತು. ಬೈಡನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಕಮಲಾ ಹ್ಯಾರಿಸ್ ಭಾಷಣದಲ್ಲಿ 'ಚಿತ್ತಿ' (ತಮಿಳಿನಲ್ಲಿ ಚಿಕ್ಕಮ್ಮ) ಅಂದದ್ದಂತೂ ದೊಡ್ಡದಾಗಿ ಬಂತು. ಲಕೋಟೆ ಬಗ್ಗೆ ನಾಲ್ಕು ಸಾಲು ಕಾಣಲಿಲ್ಲ. ಚುನಾವಣೆ ದಿನಕ್ಕೆ ಮೊದಲೇ ದೇಶದಲ್ಲಿ ಹತ್ತು ಕೋಟಿ ಜನ ಮತ ಹಾಕಿ ಆಗಿತ್ತು. ಮತದಾನದ ಪ್ರಮಾಣ ನೂರು ವರ್ಷದಲ್ಲೇ ಹೆಚ್ಚು. ಗಮನ ತಪ್ಪಿದ್ದು ಮತದಾರನದ್ದಲ್ಲ ಸ್ವಾಮಿ, ಬರೆಯುವವರದ್ದು.

ಈಗ ಎಣಿಕೆ ವಿಷಯ. ಈ ರಾಜ್ಯದಲ್ಲಿ ರಾತ್ರಿ ಟ್ರಂಪ್ ಮುಂದಿದ್ದರು, ಬೆಳಗಾಗುವಷ್ಟರಲ್ಲಿ ಬೈಡನ್ ಮುಂದಾದರು, ಇದರಲ್ಲಿ ಏನೋ ಇದೆ ಅನ್ನುವ ಮಾತು ನಮ್ಮ ಶಿರಾದ ವಾಟ್ಸಾಪ್ ಗುಂಪಿನಲ್ಲೂ ಹರಿದಾಡಿತು. ಅದರಲ್ಲಿ ಏನೂ ಇಲ್ಲ. ವಿಸ್ಕಾನ್ಸಿನ್ ಕಾನೂನಿನ ಪ್ರಕಾರ ಅಂಚೆ ಲಕೋಟೆಯನ್ನು ಚುನಾವಣೆ ದಿನಕ್ಕೆ ಮೊದಲು ಒಡೆಯುವ ಹಾಗಿಲ್ಲ. ಮಿಲ್ವಾಕಿಯ ಅಷ್ಟೂ ಲಕೋಟೆಯನ್ನು ಒಂದೇ ಕಡೆ ಎಣಿಸುತ್ತಾರೆ. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಲಕೋಟೆ ಒಡೆದು, ಸಹಿ, ಸಾಕ್ಷಿ, ವಿಳಾಸ ನೋಡಿ, ಮಡಿಕೆ ಬಿಡಿಸಿ ಮಿಷನ್‌ಗೆ ಕೊಡುವಷ್ಟರಲ್ಲಿ ಬೆಳಗಿನ ಜಾವವಾಯಿತು. ಹಬ್ಬದ ಗ್ರೀಟಿಂಗ್ ಕಾರ್ಡ್ ಮೂಟೆ ಬಿಡಿಸಿದ ಯಾವ ಅಂಚೆ ನೌಕರನನ್ನು ಕೇಳಿದರೂ ಇದು ಎಷ್ಟು ಹೊತ್ತಿನ ಕೆಲಸ ಅಂತ ಹೇಳುತ್ತಾನೆ. ರಾಜ್ಯದ 33 ಲಕ್ಷ ಮತದಲ್ಲಿ ಬೈಡನ್ ಗೆದ್ದ ಅಂತರ ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಮೇಲೆ. ನಮ್ಮ ಅಜ್ಜಿಯ ವಿಳಾಸಕ್ಕೂ ಬೆಲೆ ಇತ್ತು.

ತಮಾಷೆ ನೋಡಿ, ಅದೇ ನವೆಂಬರ್ 3ರಂದು ನಮ್ಮ ಶಿರಾದಲ್ಲೂ ರಾಜರಾಜೇಶ್ವರಿ ನಗರದಲ್ಲೂ ಉಪಚುನಾವಣೆ. ಎರಡೂ ಕಡೆ ಪ್ರಚಾರಕ್ಕೇನೂ ಬರ ಇರಲಿಲ್ಲ. ಆರ್.ಆರ್. ನಗರದಲ್ಲಿ ಸಿನಿಮಾ ನಟರ ರೋಡ್ ಶೋ, ಜನಜಾತ್ರೆ. ಮತ ಹಾಕಿದ್ದು ಮಾತ್ರ ಅರ್ಧಕ್ಕಿಂತ ಕಡಿಮೆ ಜನ. ಶಿರಾದಲ್ಲಿ ನೂರಕ್ಕೆ ಎಂಬತ್ತು ದಾಟಿತು. ಒಂದೇ ದಿನ, ಒಂದೇ ರೋಗ, ಎರಡೂ ಕಡೆ ಅಬ್ಬರ. ಇದನ್ನು ಕೊರೊನಾ ತಲೆಗೆ ಕಟ್ಟುವುದು ಹೇಗೆ?

ಆ ಎಂಬತ್ತರಲ್ಲಿ ನಾನಿಲ್ಲ ಅನ್ನುವುದೇ ಬೇಜಾರು. ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಬಲಗೈಗೆ ಗ್ಲೌಸ್ ಕೊಟ್ರು, ಹಾಕ್ಕೊಂಡು ಬಟನ್ ಒತ್ತಿ ಬಂದೆ. ಎಡಗೈಗೆ ಶಾಯಿ" ಅಂದ. ಗ್ಲೌಸ್ ಎಲ್ಲಿ ಬಿಸಾಕಬೇಕು ಅಂತ ಗೊತ್ತಾಗದೆ ಜೇಬಿಗೆ ಹಾಕಿಕೊಂಡು ಮನೆಗೆ ತಂದನಂತೆ. ನಾನು ಊರಲ್ಲೇ ಇದ್ದಿದ್ದರೂ ನನಗೆ ಅಂಚೆ ಮತ ಸಿಗುತ್ತಿರಲಿಲ್ಲ. 65 ದಾಟಿದವರಿಗೆಲ್ಲ ಕೊಡುವ ಯೋಚನೆಯಿತ್ತು, ಜುಲೈನಲ್ಲಿ ಚುನಾವಣಾ ಆಯೋಗ ಬೇಡ ಅಂದಿತು. 2020ರಲ್ಲಿ 80 ದಾಟಿದವರಿಗೆ, ಅಂಗವಿಕಲರಿಗೆ, ಕೋವಿಡ್ ರೋಗಿಗಳಿಗೆ ಮಾತ್ರ ಇತ್ತು. ನನಗೆ 68. ಈ ನಿಯಮ ನನ್ನ ಓರಗೆಯವರು ಯಾರಿಗೂ ಗೊತ್ತಿರಲಿಲ್ಲ. ಕೋವಿಡ್ ಬಂದವರು ಕೊನೆಯ ಒಂದು ಗಂಟೆಯಲ್ಲಿ ಮತಗಟ್ಟೆಗೇ ಬಂದು ಹಾಕಬಹುದಿತ್ತು ಅನ್ನುವುದೂ ಗೊತ್ತಿರಲಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆ ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಸೋಂಕಿತರು ಹೇಗೆ ಮತ ಹಾಕಬೇಕು, ಹಾಸಿಗೆ ಹಿಡಿದ ಮುದುಕರು ಏನು ಮಾಡಬೇಕು, ಅರ್ಜಿ ಯಾರಿಗೆ, ಯಾವ ತಾರೀಕಿನೊಳಗೆ ಕೊಡಬೇಕು ಅನ್ನುವುದನ್ನು ಅಧಿಕಾರಿಗಳನ್ನು ಕೇಳಿ ದಿನಾ ಒಂದು ಚಿಕ್ಕ ಚೌಕದಲ್ಲಿ ಹಾಕುತ್ತೀರಾ? ಮೊದಲ ಪುಟವೇ ಬೇಕೆಂದಿಲ್ಲ. ಹವಾಮಾನದ ಪಕ್ಕದಲ್ಲಾದರೂ ಸಾಕು.

ಇತಿ ನಿಮ್ಮ ಹಳೆಯ ಓದುಗ,
ಒಬ್ಬ ನಿವೃತ್ತ ಸಬ್ ಪೋಸ್ಟ್ ಮಾಸ್ಟರ್,
ಶಿರಾ (ಸದ್ಯ ಮಿಲ್ವಾಕಿ)
ನವೆಂಬರ್ 15, 2020