ಮೊಜಾಂಬಿಕ್‌ಗೆ ಬರಹದ ಭರವಸೆ, ಕಲಬುರಗಿಗೆ ಬಾಯಿಮಾತು: ತೊಗರಿ ಕುರಿತು ಸಚಿವ ಪ್ರಲ್ಹಾದ ಜೋಶಿ ಅವರಿಗೆ ಬಹಿರಂಗ ಪತ್ರ

ಶ್ರೀ ಪ್ರಲ್ಹಾದ ಜೋಶಿ ಅವರಿಗೆ,
ಕೇಂದ್ರ ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣಾ ಸಚಿವರು, ನವದೆಹಲಿ

ಮಾನ್ಯರೇ,

ಎಳ್ಳ ಅಮಾವಾಸ್ಯೆ ಮುಗಿದಿದೆ. ಹೊಲಕ್ಕೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಬಂದ ಮೇಲೆ ಸೇಡಂ ಸೀಮೆಯ ನಮ್ಮಂಥ ಒಣಬೇಸಾಯದವರ ಎದುರಿಗೆ ಇರುವ ಕೆಲಸ ತೊಗರಿ ರಾಶಿಯೊಂದೇ. ಊರ ಕಟ್ಟೆಯ ಮೇಲೆ ಕೇಳಿಬರುವ ಪ್ರಶ್ನೆಯೂ ಒಂದೇ, ಈ ಸಲ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ದರ ಎಷ್ಟಕ್ಕೆ ನಿಲ್ಲುತ್ತದೆ ಎಂಬುದು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿ, ಈಗ ತಂದೆಯಿಂದ ಬಂದ ಒಂಬತ್ತು ಎಕರೆ ಎರೆಹೊಲ ನೋಡಿಕೊಂಡಿರುವ ನಾನು ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆಲ್ಲ, ಅದು ನಮ್ಮ ಹೊಲದಲ್ಲೂ ಇಲ್ಲ, ಕಲಬುರಗಿ ನೆಹರೂ ಗಂಜಿನ ಅಡತಿ ಅಂಗಡಿಗಳಲ್ಲೂ ಇಲ್ಲ, ಬಹುಮಟ್ಟಿಗೆ ದೆಹಲಿಯ ಕಡತಗಳಲ್ಲಿದೆ ಎಂಬುದು ಮನವರಿಕೆಯಾಗಿದೆ. ಬೆಂಬಲ ಬೆಲೆಯನ್ನು ಘೋಷಿಸುವುದು ಕೃಷಿ ಸಚಿವಾಲಯವಾದರೂ, ಬೇಳೆಕಾಳಿನ ದಾಸ್ತಾನಿಗೆ ಮಿತಿ ಹಾಕುವುದು, ಬೆಲೆ ಏರಿದಾಗ ಸರ್ಕಾರ ಕೂಡಿಟ್ಟ ಕಾಪು ದಾಸ್ತಾನಿನಿಂದ ಮಾರುಕಟ್ಟೆಗೆ ಬಿಡುವುದು, ಬೇಳೆಯ ಚಿಲ್ಲರೆ ದರದ ಮೇಲೆ ದಿನದಿನವೂ ಕಣ್ಣಿಡುವುದು ತಮ್ಮ ಸಚಿವಾಲಯದ ಕೆಲಸ. ಅದಕ್ಕಾಗಿಯೇ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ. ತಾವು ಧಾರವಾಡದ ಪ್ರತಿನಿಧಿ, ನಮ್ಮ ಮಾತು ಅನುವಾದಕರಿಲ್ಲದೆ ತಮಗೆ ತಿಳಿಯುತ್ತದೆ ಎಂಬುದೂ ಒಂದು ಕಾರಣ.

ನಡೆದದ್ದನ್ನು ಮೊದಲು ಹೇಳುತ್ತೇನೆ. 2024ರ ಮುಂಗಾರಿನಲ್ಲಿ ನಾವು ಬಿತ್ತುವಾಗ ಗಂಜಿನಲ್ಲಿ ತೊಗರಿ ಕ್ವಿಂಟಲಿಗೆ ಹತ್ತು ಸಾವಿರ ರೂಪಾಯಿ ದಾಟಿತ್ತು. ಆ ದರವನ್ನು ನಂಬಿ ಬಿತ್ತನೆ ಹೆಚ್ಚಿಸಿದವರು ನಮ್ಮೂರಿನಲ್ಲಿ ಬಹಳ ಮಂದಿ. ರಾಶಿ ಮುಗಿದು ಚೀಲಗಳು ಗಂಜಿಗೆ ಬರತೊಡಗಿದ 2025ರ ಜನವರಿಯಲ್ಲಿಯೇ ಕೇಂದ್ರ ಸರ್ಕಾರವು ತೊಗರಿಯ ಸುಂಕರಹಿತ ಆಮದನ್ನು ಇನ್ನೂ ಒಂದು ವರ್ಷ, ಅಂದರೆ 2026ರ ಮಾರ್ಚ್ 31ರವರೆಗೆ, ವಿಸ್ತರಿಸಿತು. ದರ ಆಗಲೇ ಇಳಿಮುಖವಾಗಿತ್ತು. ಆ ಆದೇಶದ ನಂತರ ಅದನ್ನು ಮೇಲೆತ್ತುವ ಯಾವ ಆಸರೆಯೂ ಉಳಿಯಲಿಲ್ಲ. ಆ ಹಂಗಾಮಿನ ಬೆಂಬಲ ಬೆಲೆ ₹7,550, ಅದರ ಮೇಲೆ ರಾಜ್ಯ ಸರ್ಕಾರ ಕೊಡುವುದಾಗಿ ಹೇಳಿದ್ದು ₹450, ಒಟ್ಟು ₹8,000. ನಾನು ಖರೀದಿ ಕೇಂದ್ರದಲ್ಲಿ ನೋಂದಣಿ ಮಾಡಿಸಿ ಐದು ವಾರ ಸರದಿ ಕಾದೆ. ಕೂಲಿಯವರಿಗೂ ರಾಶಿ ಯಂತ್ರದವರಿಗೂ ಕೊಡಬೇಕಾದ ಹಣ ಬಾಕಿ ಇದ್ದುದರಿಂದ ಕೊನೆಗೆ 22 ಕ್ವಿಂಟಲ್ ತೊಗರಿಯನ್ನು ಗಂಜಿನಲ್ಲಿ ₹7,100ರಂತೆ ಮಾರಿದೆ. ಕ್ವಿಂಟಲಿಗೆ 900, ಒಟ್ಟು 19,800 ರೂಪಾಯಿ ಕಡಿಮೆ. ನನಗೆ ಪಿಂಚಣಿಯಿದೆ, ತಡೆದುಕೊಂಡೆ. ನನ್ನ ಬದುವಿನ ಆಚೆಯ ಹೊಲದವರಿಗೆ ಪಿಂಚಣಿಯಿಲ್ಲ. ಖರೀದಿ ಕೇಂದ್ರಗಳ ವಿಳಂಬದಲ್ಲಿ ರಾಜ್ಯ ಸರ್ಕಾರದ ಪಾಲೂ ಇದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ 2025ರ ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ನೋಂದಾಯಿತ ರೈತರು ತಂದಷ್ಟೂ ತೊಗರಿ, ಉದ್ದು, ಮಸೂರವನ್ನು ಮುಂದಿನ ನಾಲ್ಕು ವರ್ಷ ನಾಫೆಡ್ ಮತ್ತು ಎನ್‌ಸಿಸಿಎಫ್ ಎಂಬ ಕೇಂದ್ರದ ಖರೀದಿ ಸಂಸ್ಥೆಗಳು ಕೊಂಡುಕೊಳ್ಳುತ್ತವೆ ಎಂದು ಸಂಸತ್ತಿಗೆ ಹೇಳಿದ್ದರು. ಅದೇ ಹಂಗಾಮಿನಲ್ಲಿ ದೇಶದಾದ್ಯಂತ 13.22 ಲಕ್ಷ ಟನ್ ತೊಗರಿ ಖರೀದಿಗೆ ಮಂಜೂರಾತಿ ಸಿಕ್ಕಿತ್ತು. ಏಪ್ರಿಲ್ 22ರ ಹೊತ್ತಿಗೆ, ಅಂದರೆ ಸಣ್ಣ ರೈತನ ಮನೆಯಲ್ಲಿ ಮಾರಲು ಒಂದು ಚೀಲವೂ ಉಳಿದಿರದ ಹೊತ್ತಿಗೆ, ಖರೀದಿಯಾದದ್ದು 3.92 ಲಕ್ಷ ಟನ್. ಅದೇ 2024-25ರ ಸಾಲಿನಲ್ಲಿ ಹಡಗಿನಲ್ಲಿ ಬಂದಿಳಿದ ತೊಗರಿ 12 ಲಕ್ಷ ಟನ್‌ಗೂ ಹೆಚ್ಚು.

ಈ ಹಡಗಿನ ತೊಗರಿಯ ಹಿಂದಿರುವ ಕಾಗದಪತ್ರಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ನನ್ನ ದೂರಿನ ತಿರುಳು ಅಲ್ಲಿದೆ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ ಮೇಲೆ, 2016ರ ಜುಲೈಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಮೊಜಾಂಬಿಕ್‌ಗೆ ಭೇಟಿ ನೀಡಿದಾಗ ಬೇಳೆಕಾಳು ಖರೀದಿಯ ಒಪ್ಪಂದವಾಯಿತು. ವರ್ಷದಿಂದ ವರ್ಷಕ್ಕೆ ಏರುತ್ತ ಹೋಗಿ 2 ಲಕ್ಷ ಟನ್ ತಲುಪಬೇಕೆಂಬುದು ಅದರ ಷರತ್ತು. ಅದೇ ವರ್ಷ ನಮ್ಮಲ್ಲಿ ತೊಗರಿ ಹುಲುಸಾಗಿ ಬೆಳೆದು, 2017ರ ಆರಂಭದಲ್ಲಿ ಕಲಬುರಗಿ ಗಂಜಿನ ದರ ಅಂದಿನ ಬೆಂಬಲ ಬೆಲೆ ₹5,050ಕ್ಕಿಂತ ಕೆಳಗೆ ಕುಸಿಯಿತು. ಆ ವರ್ಷ ಗೋಣಿ ಚೀಲಕ್ಕಾಗಿ, ತೂಕಕ್ಕಾಗಿ ಟ್ರ್ಯಾಕ್ಟರುಗಳು ದಿನಗಟ್ಟಲೆ ಸಾಲುಗಟ್ಟಿ ನಿಂತದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಆಮದಿಗೆ ಮಿತಿ ಹಾಕಿದ್ದು 2017ರ ಆಗಸ್ಟ್‌ನಲ್ಲಿ, ರೈತರ ಕಾಳೆಲ್ಲ ಕೈಬಿಟ್ಟು ಹೋದ ಮೇಲೆ. 2021ರ ಮೇ ತಿಂಗಳಲ್ಲಿ ಆ ಮಿತಿಯನ್ನೂ ತೆಗೆದು ತೊಗರಿ ಆಮದನ್ನು ಮುಕ್ತಗೊಳಿಸಲಾಯಿತು. ಅದೇ ವರ್ಷ ಮ್ಯಾನ್ಮಾರ್‌ನಿಂದ ವರ್ಷಕ್ಕೆ 1 ಲಕ್ಷ ಟನ್, ಮಲಾವಿಯಿಂದ 50 ಸಾವಿರ ಟನ್ ತೊಗರಿ ಕೊಳ್ಳುವುದಾಗಿ ಐದೈದು ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು. ಮೊಜಾಂಬಿಕ್‌ನ ಒಪ್ಪಂದವನ್ನೂ ಐದು ವರ್ಷ ಮುಂದುವರಿಸಲಾಯಿತು. 2023ರ ಮಾರ್ಚ್‌ನಲ್ಲಿ ಇಡಿ ತೊಗರಿಯ ಮೇಲಿದ್ದ ಶೇ 10ರ ಸುಂಕವೂ ಹೋಯಿತು. ಅಂದಿನಿಂದ ಈ ಬಾಗಿಲು ಪ್ರತಿ ಸಲವೂ ಹೊಸ ಆದೇಶದಿಂದ ತೆರೆದೇ ಉಳಿದಿದೆ. ಅಗ್ಗದ ಹಳದಿ ಬಟಾಣಿಗೂ 2023ರ ಡಿಸೆಂಬರ್‌ನಿಂದ ಸುಮಾರು ಎರಡು ವರ್ಷ ಸುಂಕವಿರಲಿಲ್ಲ. ಶೇ 30ರ ಸುಂಕ ಬಂದದ್ದು 2025ರ ನವೆಂಬರ್ 1ರಿಂದ.

ಮೊಜಾಂಬಿಕ್‌ನ ರೈತನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವನೂ ನಮ್ಮ ಹಾಗೆಯೇ ಮಳೆ ನಂಬಿದವನು. ನಾನು ಕೇಳುವುದು ಇಷ್ಟೇ: ಹೊರದೇಶದ ಬೆಳೆಗಾರನಿಗೆ ಐದು ವರ್ಷದ ಮುಂಚೆಯೇ ಇಷ್ಟು ಕೊಳ್ಳುತ್ತೇವೆ ಎಂದು ಸರ್ಕಾರದಿಂದ ಸರ್ಕಾರಕ್ಕೆ ಬರೆದುಕೊಡಲು ಸಾಧ್ಯವಾಗುವುದಾದರೆ, 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತೊಗರಿಯನ್ನು ಬೆಳೆಯುವ ಈ ಜಿಲ್ಲೆಯ ರೈತನಿಗೆ ಬೆಂಬಲ ಬೆಲೆಯನ್ನು ಕಾನೂನಿನಲ್ಲಿ ಬರೆದುಕೊಡಲು ಏಕೆ ಸಾಧ್ಯವಿಲ್ಲ? ಅವರಿಗೆ ಸಹಿ ಹಾಕಿದ ಕಾಗದ, ನಮಗೆ ಭಾಷಣ. ಭಾಷಣವನ್ನು ಹಿಡಿದುಕೊಂಡು ಯಾವ ನ್ಯಾಯಾಲಯದ ಮೆಟ್ಟಿಲು ಹತ್ತುವುದು?

ಭಾಷಣಗಳೂ ಒಂದಕ್ಕೊಂದು ಹೊಂದುವುದಿಲ್ಲ. 2024ರ ಜನವರಿ 4ರಂದು ತೊಗರಿ ಬೆಳೆಗಾರರ ನೋಂದಣಿಯ ಪೋರ್ಟಲ್ ಉದ್ಘಾಟಿಸಿದ ಸಹಕಾರ ಸಚಿವ ಅಮಿತ್ ಶಾ ಅವರು, 2027ರ ಡಿಸೆಂಬರ್ ಒಳಗೆ ದೇಶ ಬೇಳೆಕಾಳಿನಲ್ಲಿ ಸ್ವಾವಲಂಬಿಯಾಗಬೇಕು, 2028ರ ಜನವರಿಯಿಂದ ಒಂದು ಕಿಲೋ ಬೇಳೆಯನ್ನೂ ಆಮದು ಮಾಡಿಕೊಳ್ಳುವುದಿಲ್ಲ ಎಂದರು. ಆ ಮಾತಿನ ನಂತರದ ಮೊದಲ ಪೂರ್ಣ ಆರ್ಥಿಕ ವರ್ಷದಲ್ಲಿ ದೇಶಕ್ಕೆ ಬಂದ ಬೇಳೆಕಾಳು 70 ಲಕ್ಷ ಟನ್ ದಾಟಿತು. ಸ್ವಾವಲಂಬನೆ ನಿಜವಾಗಿಯೂ ಗುರಿಯಾಗಿದ್ದರೆ ಬಿತ್ತುವವನಿಗೆ ದರದ ಧೈರ್ಯ ಬೇಕು. ದರ ಸಿಗದ ವರ್ಷದ ಮರುವರ್ಷ ರೈತ ಬೆಳೆ ಬದಲಿಸುತ್ತಾನೆ, ಬೆಳೆ ಕಡಿಮೆಯಾಗಿ ಬೇಳೆ ದುಬಾರಿಯಾಗುತ್ತದೆ, ದುಬಾರಿಯಾಯಿತೆಂದು ಮತ್ತೆ ಆಮದು. ಹತ್ತು ವರ್ಷಗಳಿಂದ ಈ ಗಾಣಕ್ಕೆ ಕಟ್ಟಿದ ಎತ್ತಿನಂತೆ ಸುತ್ತುತ್ತಿದ್ದೇವೆ.

ಗಣಿತ ಮೇಷ್ಟ್ರಾಗಿದ್ದವನಿಗೆ ಹೆಚ್ಚು ನೋವು ಕೊಡುವುದು ಲೆಕ್ಕದಲ್ಲಿ ಆಗುವ ಮೋಸ. ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಶೇ 50 ಲಾಭ ಖಚಿತಪಡಿಸುವುದಾಗಿ ತಮ್ಮ ಪಕ್ಷ 2014ರ ಪ್ರಣಾಳಿಕೆಯಲ್ಲಿ ಹೇಳಿತ್ತು. 2015ರ ಫೆಬ್ರುವರಿಯಲ್ಲಿ ತಮ್ಮದೇ ಸರ್ಕಾರ, ಹಾಗೆ ಮಾಡಿದರೆ ಮಾರುಕಟ್ಟೆ ಏರುಪೇರಾಗುತ್ತದೆ ಎಂದು ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು. 2018ರ ಬಜೆಟ್‌ನಲ್ಲಿ, ಒಂದೂವರೆ ಪಟ್ಟು ಬೆಲೆಯನ್ನು ಹಿಂಗಾರಿನ ಹೆಚ್ಚಿನ ಬೆಳೆಗಳಿಗೆ ಆಗಲೇ ಕೊಟ್ಟಾಗಿದೆ ಎಂದು ಹೇಳಲಾಯಿತು. ನಡುವೆ ಬದಲಾದದ್ದು ವೆಚ್ಚ ಎಂಬ ಪದದ ಅರ್ಥ. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗ ಹೇಳಿದ ವೆಚ್ಚವನ್ನು ರೈತ ಸಂಘಟನೆಗಳು ಅರ್ಥ ಮಾಡಿಕೊಳ್ಳುವುದು ಸಿ2 ಎಂಬ ಸಮಗ್ರ ವೆಚ್ಚವೆಂದು: ಬೀಜ, ಗೊಬ್ಬರ, ಕೂಲಿ, ಮನೆಯವರ ದುಡಿಮೆಯ ಜೊತೆಗೆ ಸ್ವಂತ ಭೂಮಿಯ ಗೇಣಿ ಮತ್ತು ಹೂಡಿದ ಸ್ವಂತ ಹಣದ ಬಡ್ಡಿಯನ್ನೂ ಸೇರಿಸಿದ ಲೆಕ್ಕ. ಸರ್ಕಾರ ತೆಗೆದುಕೊಂಡದ್ದು ಗೇಣಿ, ಬಡ್ಡಿ ಎರಡನ್ನೂ ಬಿಟ್ಟ ಎ2+ಎಫ್‌ಎಲ್ ಲೆಕ್ಕ. 2025-26ರ ತೊಗರಿಗೆ ಆ ಲೆಕ್ಕದ ವೆಚ್ಚ ₹5,038, ಬೆಂಬಲ ಬೆಲೆ ₹8,000, ಆದ್ದರಿಂದ ಲಾಭ ಶೇ 59 ಎಂದು ಪ್ರಕಟಣೆ ಹೇಳುತ್ತದೆ. ಆ ₹8,000 ನಮ್ಮ ಕೈಗೆ ಬಂದರಲ್ಲವೇ ಶೇ 59ರ ಮಾತು? ಆಯೋಗದ ಶಿಫಾರಸನ್ನು ಹಿಂದಿನ ಯುಪಿಎ ಸರ್ಕಾರವೂ ಜಾರಿಗೊಳಿಸಲಿಲ್ಲ, ಅದು ಅವರ ತಪ್ಪು. ಸಿ2 ಕೊಡುವಷ್ಟು ಬೊಕ್ಕಸದಲ್ಲಿ ಹಣವಿಲ್ಲ ಎಂದು ತಾವು ಹೇಳಿದ್ದರೆ ನಾನು ವಾದಿಸುತ್ತಿದ್ದೆ, ಆದರೆ ಗೌರವ ಕಳೆದುಕೊಳ್ಳುತ್ತಿರಲಿಲ್ಲ. ಕೊಡದೆಯೇ ಕೊಟ್ಟಾಯಿತು ಎನ್ನುವುದನ್ನು ಒಪ್ಪಲು ಆಗುವುದಿಲ್ಲ.

ರೈತರ ಆದಾಯ 2022ರೊಳಗೆ ಇಮ್ಮಡಿಯಾಗುತ್ತದೆ ಎಂದು ಪ್ರಧಾನಿಯವರು 2016ರ ಫೆಬ್ರುವರಿಯಲ್ಲಿ ಬರೇಲಿಯಲ್ಲಿ ಹೇಳಿದ್ದರ ಗತಿಯೂ ಇದೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 2018-19ರಲ್ಲಿ ಕೃಷಿಕ ಕುಟುಂಬವೊಂದರ ತಿಂಗಳ ಸರಾಸರಿ ಆದಾಯ ₹10,218. ಅದರಲ್ಲಿ ಬೆಳೆಯಿಂದ ಬಂದದ್ದು ₹3,798, ಕೂಲಿ ಮತ್ತು ಸಂಬಳದಿಂದ ₹4,063. ಅಂದರೆ ರೈತ ತನ್ನ ಹೊಲಕ್ಕಿಂತ ಬೇರೆಯವರ ಕೆಲಸದಿಂದ ಹೆಚ್ಚು ಗಳಿಸುತ್ತಿದ್ದ. 2022 ಬಂದಾಗ ದೇಶದ ಮುಂದೆ ಇಟ್ಟದ್ದು ಅಂಥ ಇನ್ನೊಂದು ಸಮೀಕ್ಷೆಯನ್ನಲ್ಲ, ಭಾರತೀಯ ಕೃಷಿ ಸಂಶೋಧನಾ ಮಂಡಳಿ ಆರಿಸಿದ 75,000 ರೈತರ ಯಶೋಗಾಥೆಗಳನ್ನು. ನನ್ನ ತರಗತಿಯ ಅರವತ್ತು ಮಕ್ಕಳಲ್ಲಿ ಪಾಸಾದ ನಾಲ್ವರ ಉತ್ತರಪತ್ರಿಕೆ ಮಾತ್ರ ತೋರಿಸಿ ತರಗತಿ ಗೆದ್ದಿತು ಎಂದು ನಾನು ಹೇಳಿದ್ದರೆ ಮುಖ್ಯೋಪಾಧ್ಯಾಯರು ಒಪ್ಪುತ್ತಿರಲಿಲ್ಲ. 2017-18ರ ಗೃಹಬಳಕೆ ವೆಚ್ಚದ ಸಮೀಕ್ಷೆಯ ವರದಿಯನ್ನು ಗುಣಮಟ್ಟದ ಕಾರಣ ಹೇಳಿ 2019ರಲ್ಲಿ ಕೈಬಿಟ್ಟದ್ದನ್ನೂ ಇಲ್ಲಿ ನೆನೆಯಬೇಕಾಗುತ್ತದೆ.

ತಮ್ಮನ್ನೇ ನೇರವಾಗಿ ತಟ್ಟುವ ಒಂದು ಮಾತನ್ನು ಬಿಡಲಾರೆ. 2019ರಿಂದ 2024ರವರೆಗೆ ಸಂಸದೀಯ ವ್ಯವಹಾರಗಳ ಸಚಿವರಾಗಿದ್ದವರು ತಾವು. ಕೃಷಿ ಮಸೂದೆಗಳಿಗೆ 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ, ವಿರೋಧ ಪಕ್ಷಗಳು ಮತ ಎಣಿಕೆ ಕೇಳುತ್ತಿದ್ದಾಗಲೇ, ಧ್ವನಿಮತದಿಂದ ಒಪ್ಪಿಗೆ ಪಡೆಯಲಾಯಿತು. ಮರುವರ್ಷ ನವೆಂಬರ್ 29ರಂದು ಅವುಗಳನ್ನು ಹಿಂಪಡೆಯುವ ಮಸೂದೆ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಒಂದೇ ದಿನ ಮುಗಿಯಿತು. ಆ ಕಾನೂನುಗಳ ವಿರುದ್ಧದ ಆಂದೋಲನದಲ್ಲಿ ಸತ್ತ ರೈತರ ಕುಟುಂಬಗಳಿಗೆ ಪರಿಹಾರ ಕೊಡುತ್ತೀರಾ ಎಂದು ಕೇಳಿದ್ದಕ್ಕೆ, ದಾಖಲೆಯೇ ಇಲ್ಲವಾದ್ದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಕೃಷಿ ಸಚಿವಾಲಯ ಲೋಕಸಭೆಗೆ ಬರೆದುಕೊಟ್ಟಿತು. ಕಾನೂನು ತರುವಾಗಲೂ ನಮ್ಮನ್ನು ಕೇಳಲಿಲ್ಲ, ತೆಗೆಯುವಾಗಲೂ ನಮ್ಮ ಮಾತು ಸದನದಲ್ಲಿ ಕೇಳಿಬರಲಿಲ್ಲ. ತೊಗರಿ ಆಮದಿನ ಆದೇಶಗಳೂ ಅದೇ ರೀತಿಯಲ್ಲಿ, ಬೆಳೆದವನಿಗೆ ಒಂದು ಮಾತೂ ತಿಳಿಸದೆ, ಹೊರಬೀಳುತ್ತಿವೆ.

ಬೇಳೆ ದುಬಾರಿಯಾದರೆ ಮೊದಲು ಬಡವರ ತಟ್ಟೆಯಿಂದ ಅದು ಮಾಯವಾಗುತ್ತದೆ ಎಂದು ತಾವು ಹೇಳಬಹುದು. ಅದು ನಿಜ, ಕಲಬುರಗಿಯಲ್ಲಿಯೇ ಕೂಲಿಯವರ ಮನೆಯ ಸಾರು ನೀರಾಗುವುದನ್ನು ಕಂಡಿದ್ದೇನೆ. ಆದರೆ ಆ ತಟ್ಟೆ ತುಂಬಿಸುವ ಭಾರವನ್ನು ದೇಶದ ಬೊಕ್ಕಸ ಹೊರಬೇಕೇ ಹೊರತು ಎರಡೂವರೆ ಎಕರೆಯ ರೈತನೊಬ್ಬನೇ ಅಲ್ಲ. 2023ರ ಜುಲೈಯಲ್ಲಿ ‘ಭಾರತ್ ದಾಲ್’ ಹೆಸರಿನಲ್ಲಿ ಕಡಲೆ ಬೇಳೆಯನ್ನು ಕಿಲೋಗೆ 60 ರೂಪಾಯಿಯಂತೆ ಮಾರಿ ತಮ್ಮ ಸಚಿವಾಲಯವೇ ಆ ದಾರಿ ತೋರಿಸಿದೆ. ನಮ್ಮ ತೊಗರಿಯನ್ನು ಬೆಂಬಲ ಬೆಲೆಗೆ ಕೊಂಡು, ಇಲ್ಲಿಯ ದಾಲ್ ಮಿಲ್ಲುಗಳಲ್ಲಿಯೇ ಬೇಳೆ ಮಾಡಿಸಿ, ಪಡಿತರ ಅಂಗಡಿಯಲ್ಲಿ ಕಡಿಮೆ ದರಕ್ಕೆ ಕೊಡಿ; ಬೆಳೆದವನೂ ತಿನ್ನುವವನೂ ಇಬ್ಬರೂ ಉಳಿಯುತ್ತಾರೆ, ಮುಚ್ಚಿದ ಮಿಲ್ಲುಗಳ ಬಾಗಿಲೂ ತೆರೆದೀತು. ಅದರ ಜೊತೆಗೆ, ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗಿರುವಾಗ ಸುಂಕರಹಿತ ಆಮದು ತಾನಾಗಿಯೇ ನಿಲ್ಲುವಂತೆ ನಿಯಮವೊಂದನ್ನು ಬರೆದು ಪ್ರಕಟಿಸಬೇಕು. ಬೆಂಬಲ ಬೆಲೆ ಸಾರುವ ಪ್ರಕಟಣೆಯಲ್ಲಿ ಸಿ2 ವೆಚ್ಚವನ್ನೂ ಪಕ್ಕದಲ್ಲಿಯೇ ಅಚ್ಚು ಹಾಕಬೇಕು.

ಈಗಿನ ಆಮದು ಆದೇಶದ ಗಡುವು ಮಾರ್ಚ್ 31. ಅದನ್ನು ವಿಸ್ತರಿಸುವಿರೋ ಇಲ್ಲವೋ ಎಂಬುದನ್ನು ಫೆಬ್ರುವರಿಯೊಳಗೆ, ಕಾರಣಸಹಿತ, ಕನ್ನಡದಲ್ಲಿಯೂ ತಿಳಿಸಬೇಕೆಂದು ತಮ್ಮನ್ನು ಕೇಳಿಕೊಳ್ಳುತ್ತೇನೆ. ಬೀಜಕ್ಕೆಂದು ತೊಗರಿ ಎತ್ತಿಡುವ ಹೊತ್ತು ಅದು. ಈ ಸಲ ಐದು ಎಕರೆಗೆ ಹತ್ತಿ ಹಾಕೋಣ ಎಂದು ನನ್ನ ಮಗ ಹೇಳುತ್ತಿದ್ದಾನೆ. ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕವನ್ನೂ ಕಳೆದ ಆಗಸ್ಟ್‌ನಲ್ಲಿ ಡಿಸೆಂಬರ್ 31ರವರೆಗೆ ತೆಗೆದದ್ದನ್ನು ಅವನಿಗೆ ತೋರಿಸಿದೆ. ಅವನು ಸುಮ್ಮನಾದ. ಬೀಜಕ್ಕೆ ಎಷ್ಟು ಚೀಲ ಎತ್ತಿಡಬೇಕೆಂಬುದನ್ನು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನಿಸಿಲ್ಲ.

ಇತಿ ತಮ್ಮ ವಿಶ್ವಾಸಿ,
ಸೇಡಂ ತಾಲ್ಲೂಕಿನ ಒಬ್ಬ ತೊಗರಿ ಬೆಳೆಗಾರ
ಕಲಬುರಗಿ ಜಿಲ್ಲೆ, ಡಿಸೆಂಬರ್ 2025