ಮಾಡಹಾಗಲ: ಈ ಮಳೆಗಾಲದಿಂದ ತೋಟದ್ದು ಮಾತ್ರ

ಎಲ್ಲರಿಗೂ ನಮಸ್ಕಾರ.

ಮಳೆ ಹಿಡಿಯುವ ಮುಂಚೆಯೇ "ಮಾಡಹಾಗಲ ಬಂತಾ?" ಅಂತ ಫೋನ್ ಮಾಡುವವರಿಗೆಲ್ಲ ಒಂದು ವಿಷಯ ಹೇಳಬೇಕು. ನಮ್ಮ ಸಂಘದಲ್ಲಿ ಇನ್ನು ಮೇಲೆ ಕಾಡಿನಿಂದ ಕೊಯ್ದು ತಂದ ಕಾಯಿ ಮಾರುವುದಿಲ್ಲ. ಸದಸ್ಯರು ಚಪ್ಪರ ಹಾಕಿ ಬೆಳೆದದ್ದು ಮಾತ್ರ ಸಿಗುತ್ತದೆ. ದರ ಸ್ವಲ್ಪ ಜಾಸ್ತಿ ಆಗುತ್ತದೆ.

ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡುವುದು ಹೆಣ್ಣು ಬಳ್ಳಿ, ಅದೂ ಹತ್ತಿರದಲ್ಲಿ ಗಂಡು ಬಳ್ಳಿ ಹೂ ಬಿಟ್ಟಿದ್ದರೆ. ಬೇಸಿಗೆಯಲ್ಲಿ ಮೇಲಿನದ್ದೆಲ್ಲ ಒಣಗಿದರೂ ನೆಲದೊಳಗೆ ಗಡ್ಡೆ ಜೀವ ಹಿಡಿದಿರುತ್ತದೆ, ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ಪೇಟೆಯಲ್ಲಿ ಬೇಡಿಕೆ ಹೆಚ್ಚಾದ ಮೇಲೆ ನಮ್ಮ ಕಡೆ ಬೇಲಿ ಸಾಲಿನದ್ದು, ಕಾಡಂಚಿನದ್ದು ಎಲ್ಲ ಎಳೆಯದಿರುವಾಗಲೇ ಖಾಲಿ. ಹಣ್ಣಾಗಿ ಬೀಜ ಬೀಳಲು ಒಂದೂ ಉಳಿಯುವುದಿಲ್ಲ. ಅದಕ್ಕಿಂತ ಹೊಟ್ಟೆ ಉರಿಯುವುದು ಗಡ್ಡೆಯನ್ನೇ ಅಗೆದು ಒಯ್ಯುವುದನ್ನು ನೋಡಿದಾಗ, ಅದೂ ಕಾಯಿ ಬಿಟ್ಟ ಹೆಣ್ಣು ಬಳ್ಳಿಯನ್ನೇ ಹುಡುಕಿ. ಉಳಿದ ಗಂಡು ಬಳ್ಳಿ ಎಷ್ಟು ಹೂ ಬಿಟ್ಟರೇನು?

ಸದಸ್ಯರು ಬೆಳೆಯುವುದರಲ್ಲಿ ಎರಡು ಬಗೆ. ಒಂದು ಇಲ್ಲಿನದ್ದೇ ಸಣ್ಣ ಕಾಯಿ. ಇನ್ನೊಂದು ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದವರು ಕೊಟ್ಟ 'ಅರ್ಕಾ ಭಾರತ್', ಕಾಯಿ ದಪ್ಪ, ಈ ಜಾತಿ ಮೂಲತಃ ಈಶಾನ್ಯ ಭಾರತದ ಕಡೆಯದ್ದು. ಇದಕ್ಕೆ ದಿನಾ ಬೆಳಿಗ್ಗೆ ಗಂಡು ಹೂ ಕಿತ್ತು, ಅರಳಿದ ಒಂದೊಂದು ಹೆಣ್ಣು ಹೂವಿಗೂ ಕೈಯಿಂದಲೇ ಮುಟ್ಟಿಸಬೇಕು, ಮಳೆ ಸುರಿಯುತ್ತಿದ್ದರೂ. ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಜಾಸ್ತಿ ಆದ ದರ ಈ ಕೆಲಸ ಮಾಡುವವರ ಕೂಲಿಗೆ ಹೋಗುತ್ತದೆ.

ರುಚಿ? ಕಾಡಿನ ಸಣ್ಣ ಕಾಯಿಯ ರುಚಿ ಬೇರೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ದಪ್ಪ ಕಾಯಿಯೂ ಹಾಗಲದಂತೆ ಕಹಿಯಲ್ಲ, ಪಲ್ಯಕ್ಕೆ ಚೆನ್ನಾಗಿರುತ್ತದೆ. ತೆಳ್ಳಗೆ ಬಿಲ್ಲೆ ಮಾಡಿ, ಉಪ್ಪು ಖಾರ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದು ನೋಡಿ. ಮುಳ್ಳು ಮೆತ್ತಗಿರುತ್ತದೆ, ಹೆರೆಯುವುದು ಬೇಡ. ಗಾತ್ರ ನೋಡಿ ಬಲಿತಿದೆ ಅಂದುಕೊಳ್ಳಬೇಡಿ, ಹಳದಿ ತಿರುಗಿದ್ದರೆ ಮಾತ್ರ ಬೀಜ ಗಟ್ಟಿಯಾಗಿರುತ್ತದೆ.

ಮನೆಯಲ್ಲೇ ಬೆಳೆಸುತ್ತೇವೆ ಅನ್ನುವವರಿಗೆ ತೋಟದ ಗಡ್ಡೆ ಕೊಡುತ್ತೇವೆ. ಬೀಜದಿಂದ ಎದ್ದ ಬಳ್ಳಿ ಗಂಡೋ ಹೆಣ್ಣೋ ಅಂತ ಹೂ ಬಿಡುವವರೆಗೂ ತಿಳಿಯುವುದಿಲ್ಲ, ಹಾಗಾಗಿ ಗಡ್ಡೆಯೇ ವಾಸಿ. ಒಯ್ಯುವಾಗ ಹೆಣ್ಣಿನ ಜೊತೆ ಒಂದು ಗಂಡು ಗಡ್ಡೆಯನ್ನೂ ಮರೆಯದೆ ಕೇಳಿ ತಗೊಳ್ಳಿ.